ಪಂಕ್ತಿಯ ನಡುವೆ ಬೆರಳಳತೆ

ಶಿರಸಿಯಲ್ಲಿ ಜವಳಿ ಅಂಗಡಿ ಇಟ್ಟವನು ನಾನು. ದಿನವಿಡೀ ಬಟ್ಟೆ ಅಳೆಯುವವನಿಗೆ ಬೆರಳು ಅಳೆಯುವುದು ಯಾವ ಮಹಾ ಕೆಲಸ?

ಸಿದ್ದಾಪುರದ ಅಕ್ಕನ ಮನೆಯಲ್ಲಿ ಅವಳ ಮಗನ ಉಪನಯನ. ನನ್ನ ಮಗಳು ವಿಭಾ ಎಡಚಿ. ಪಾಯಸ ನಾನೇ ಬಡಿಸುತ್ತೇನೆಂದು ಕುಣಿಯುತ್ತ ಹೊರಟಳು, ಸೌಟು ಎಡಗೈಯಲ್ಲಿ! ತುಂಬಿದ ಪಂಕ್ತಿಯ ಎದುರೇ ಅಕ್ಕ ಸೌಟು ಕಸಿದುಕೊಂಡಳು.

"ಪಂಕ್ತಿಲಿ ಎಡಗೈ ಎಂತಕ್ಕೆ ಕೂಸೆ? ಬಲಗೈ ರೂಢಿ ಆಪವರೆಗೆ ಸೌಟು ಮುಟ್ಟಡ!"

ಮಗಳ ಕಣ್ಣು ತುಂಬಿತು. ನನಗೆ ಪಿತ್ತ ನೆತ್ತಿಗೇರಿತು. ಅಷ್ಟು ಜನರೆದುರು ನನ್ನ ಮಗಳಿಗೆ ಅವಮಾನವೇ? ಮೊಬೈಲಿನಲ್ಲಿ ಯಾರೋ ಮಹಾನುಭಾವ ಹೇಳಿದ್ದು ನೆನಪಾಯಿತು: ತೋರುಬೆರಳಿಗಿಂತ ಉಂಗುರದ ಬೆರಳು ಉದ್ದವಿದ್ದವರು ಎಡಚರು, ಅದು ಹುಟ್ಟಿನಿಂದಲೇ ಬಂದದ್ದು. ಪಂಕ್ತಿ ಏಳುತ್ತಿದ್ದಂತೆ ಕಿಸೆಯಿಂದ ಟೇಪು ತೆಗೆದು ಘೋಷಿಸಿದೆ: "ಇದು ಹುಟ್ಟುಗುಣ! ಎಲ್ಲರೂ ಕೈ ಚಾಚಿ, ಈಗಲೇ ಸಾಬೀತು ಮಾಡ್ತೆ!"

ಮೊದಲು ಅಕ್ಕನ ಕೈ. ಉಂಗುರದ ಬೆರಳು ಉದ್ದ. ಇರಲಿ, ಎಲ್ಲೋ ಒಬ್ಬರು! ಅವಳ ಗಂಡ, ನಮ್ಮ ಭಾವನದೂ ಉದ್ದ. ಪುರೋಹಿತರದೂ ಉದ್ದ. ಅಡುಗೆ ಭಟ್ಟರದಂತೂ ಇನ್ನೂ ಉದ್ದ! ನನ್ನ ಶಾಸ್ತ್ರದ ಪ್ರಕಾರ ಸಮಸ್ತ ಬಂಧುವರ್ಗವೇ ಎಡಚರದು.

"ಅಲ್ದ ಮಾರಾಯ, ಹಂಗಾರೆ ಆನು ಬೆಳಗಿಂದ ಮಂತ್ರಾಕ್ಷತೆ ಹಾಕಿದ್ದು ಯಾವ ಕೈಲಿ?" ಎಂದರು ಭಾವ.

ಉಂಡವರು ಕೈ ತೊಳೆಯುವುದನ್ನೂ ಮರೆತು ನಕ್ಕರು. ನನ್ನ ಸಿಟ್ಟು ಇನ್ನೊಂದು ಮೆಟ್ಟಿಲು ಹತ್ತಿತು. "ಈಗ ನೋಡಿ!" ಎಂದು ಮಗಳ ಕೈಗೆ ಟೇಪು ಹಿಡಿದೆ.

ತೋರುಬೆರಳೇ ಉದ್ದ!

ಮತ್ತೆ ಅಳೆದೆ. ಉಂಗುರದ ಬೆರಳನ್ನು ಸ್ವಲ್ಪ ಎಳೆದೂ ಅಳೆದೆ.

"ಅಪ್ಪಾ, ನೋವಾಗ್ತು!"

"ಕಂಡ್ಯ?" ಅಕ್ಕ ನಡುವೆ ಬಂದಳು. "ಕೂಸು ಬಲಗೈದೇ ಹೇಳಿ ನಿನ್ನ ಟೇಪೇ ಹೇಳ್ತಾ ಇದ್ದು. ಇವತ್ತಿಂದಲೇ ರೂಢಿ ಮಾಡಿಸು!"

ಪುರೋಹಿತರೂ ತಲೆಯಾಡಿಸಿದರು. ಮುಗಿಯಿತು! ಬರೀ ಗದರಿಕೆಯಾಗಿದ್ದದ್ದು ನನ್ನ ಕೃಪೆಯಿಂದ ಸಾಕ್ಷಿಸಮೇತ ತೀರ್ಪಾಯಿತು. ಆ ಮೊಬೈಲಿನವನು ಎದುರಿಗೆ ಸಿಕ್ಕಿದ್ದರೆ ಅವನ ಹತ್ತೂ ಬೆರಳು ಮುರಿಯುತ್ತಿದ್ದೆ. ಮಗಳು ಮಾತ್ರ ನನ್ನ ಕಡೆ ನೋಡಲೇ ಇಲ್ಲ. ಮೂಲೆಗೆ ಹೋಗಿ ಕುಳಿತಳು.

ಹೆಂಡತಿ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "'ನನ್ನ ಮಗಳು ಹಿಂಗೇ ಬಡಿಸ್ತು, ಬಿಡು' ಹೇಳಿ ನಿಮ್ಮ ಅಕ್ಕಂಗೆ ಒಂದು ಮಾತು ಹೇಳಿದ್ರೆ ಸಾಕಾಗಿತ್ತು. ಅದಕ್ಕೆ ಟೇಪು ಎಂತಕ್ಕೆ ಬೇಕಿತ್ತು?"

ನ್ಯಾಯವಾದ ಮಾತು! ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಅಕ್ಕನಿಗೆ ಹೆದರಿದ್ದು ಸಾಕು ಎಂದು ನೇರ ಅವಳೆದುರು ಹೋಗಿ, ಎದೆ ಸೆಟೆಸಿ ನಿಂತೆ.

"ಎಂತದು?" ಅಂದಳು ಅಕ್ಕ.

"ಮಜ್ಜಿಗೆ ಇದ್ದ?" ಅಂದೆ.