ಬ್ರೇಕಿನೊಳಗಿನ ಗಾಳಿ

ಕೆಲವರಿಗೆ ಸಿಹಿ ಕಂಡರೆ ಕೈ ತಡೆಯುವುದಿಲ್ಲ, ನನಗೆ ಸ್ಕ್ರೂ ಕಂಡರೆ. ಚೆನ್ನಾಗಿ ನಡೆಯುತ್ತಿರುವ ವಸ್ತು ಯಾಕೆ ಚೆನ್ನಾಗಿ ನಡೆಯುತ್ತಿದೆ ಎಂದು ಬಿಚ್ಚಿ ನೋಡದಿದ್ದರೆ ನನಗೆ ಅನ್ನ ಸೇರುವುದಿಲ್ಲ. ಬಸವನಗುಡಿಯ ನಮ್ಮ ಮನೆಯಲ್ಲಿ ಹಾಗೆ ಬಿಚ್ಚಿಸಿಕೊಂಡ ಮಿಕ್ಸಿ ಆಮೇಲೆ ಒಂದೇ ವೇಗದಲ್ಲಿ ತಿರುಗತೊಡಗಿತು. ರೇಡಿಯೋ ತಲೆಗೆ ಮೊಟಕಿದರೆ ಮಾತ್ರ ಮಾತಾಡುತ್ತಿತ್ತು. ನನ್ನ ಹೆಂಡತಿ ಸರೋಜ ಇಷ್ಟನ್ನೂ ಸಹಿಸಿಕೊಂಡಿದ್ದಳು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕಾರಿನ ಬ್ರೇಕಿಗೆ ಕೈ ಹಾಕಿದಾಗ ಮಾತ್ರ ಸೆರಗು ಸಿಕ್ಕಿಸಿ ಅಡ್ಡ ನಿಂತಳು. ಕಾರಣವಿತ್ತು. ಮಲ್ಲೇಶ್ವರದ ಆಸ್ಪತ್ರೆಯಲ್ಲಿ ಮಗಳಿಗೆ ಹೆರಿಗೆಯಾಗಿತ್ತು. ಸೋಮವಾರ ಬೆಳಿಗ್ಗೆ ಬಾಣಂತಿಯನ್ನೂ ಮೊಮ್ಮಗಳನ್ನೂ ಅದೇ ಕಾರಿನಲ್ಲಿ ಮನೆಗೆ ಕರೆತರಬೇಕಿತ್ತು.

"ಹಸುಗೂಸು ಬರೋ ಗಾಡಿ ಕಣ್ರೀ. ನಿಮ್ಮ ಕೈಚಳಕ ಅದರ ಮೇಲೆ ತೋರಿಸ್ಬೇಡಿ."

"ಅದಕ್ಕೇ ಕಣೆ ಹೊಸದು ಹಾಕ್ತಿರೋದು" ಎಂದೆ, ದೊಡ್ಡ ಮನುಷ್ಯನ ಹಾಗೆ.

ಶನಿವಾರವೇ ಜೆ.ಸಿ. ರಸ್ತೆಗೆ ಹೋಗಿ ಮುಂದಿನ ಚಕ್ರಗಳಿಗೆ ಬೇಕಾದ ಎರಡು ಹೊಸ ಕ್ಯಾಲಿಪರ್ ತಂದಿದ್ದೆ. ಕ್ಯಾಲಿಪರ್ ಎಂದರೆ ಚಕ್ರದ ತಟ್ಟೆಯನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವ ಕಬ್ಬಿಣದ ದವಡೆ. ನೋಡಲು ಎರಡೂ ಅವಳಿಜವಳಿ. ಎಡ ಬಲ ತಿಳಿಯಲೆಂದು ಅಂಗಡಿಯವನು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಟ್ಟಿದ್ದ. ನಮ್ಮ ಮನೆಯಲ್ಲಿ ಹೊಸ ವಸ್ತು, ಅದು ಕೊಡೆಯೇ ಆಗಲಿ ಕುಕ್ಕರೇ ಆಗಲಿ, ದೇವರ ಮುಂದೆ ಕೂರದೆ ಕೆಲಸಕ್ಕೆ ಹೋಗುವಂತಿಲ್ಲ. ಬಲದ್ದನ್ನು ಬಲಕ್ಕೆ, ಎಡದ್ದನ್ನು ಎಡಕ್ಕೆ ಜೋಪಾನವಾಗಿ ಇಟ್ಟು ಅಮ್ಮನಿಗೆ ಒಪ್ಪಿಸಿದೆ. ಭಾನುವಾರ ಬೆಳಿಗ್ಗೆ ಅರಿಶಿನ ಕುಂಕುಮದೊಂದಿಗೆ ಅವು ಹಾಗೇ ಕೂತಿದ್ದವು. ಗುರುತು ನೋಡದೆ, ಇದ್ದ ಕಡೆಯ ಪ್ರಕಾರವೇ ತಂದು ಜೋಡಿಸಿದೆ. ಒಂದು ನಟ್ಟೂ ಮಿಗಲಿಲ್ಲ! ನನ್ನ ಜೀವನದಲ್ಲಿ ಅದೇ ಮೊದಲು.

ಪೆಡಲ್ ಒತ್ತಿದರೆ ಅಯ್ಯೋ, ಬಿಸಿ ಇಡ್ಲಿ ಒತ್ತಿದ ಹಾಗೆ ಮೆತ್ತಗೆ ಒಳಗೆ ಹೋಯಿತು.

ಬ್ರೇಕ್ ಆಯಿಲ್ ಜೊತೆ ಗಾಳಿ ಸೇರಿಕೊಂಡರೆ ಹೀಗಾಗುತ್ತದೆ ಎಂದು ನನಗೂ ಗೊತ್ತಿತ್ತು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರ ಕೂತು ಕ್ಯಾಲಿಪರಿನ ಪುಟ್ಟ ತಿರುಪು ಸಡಿಲಿಸಿ ಗಾಳಿ ಬಿಟ್ಟು ಮತ್ತೆ ಬಿಗಿ ಮಾಡಬೇಕು. ಸರೋಜಳನ್ನು ಕೂರಿಸಿದೆ. ಒತ್ತು, ಹಿಡಿ, ಬಿಡು. ಒತ್ತು, ಹಿಡಿ, ಬಿಡು. ಬೇಳೆ ಬೇಯಲು ಇಟ್ಟು ಬಂದಿದ್ದವಳು ಹುಳಿಯ ಸಿಟ್ಟನ್ನೂ ಸೇರಿಸಿಯೇ ಒತ್ತಿದಳು. ಬಾಟಲಿ ಆಯಿಲ್ ಮುಕ್ಕಾಲು ಭಾಗ ಖಾಲಿಯಾಯಿತು, ಪೆಡಲ್ ಮಾತ್ರ ಇಡ್ಲಿಯೇ. ಎಲ್ಲೂ ಸೋರಿಕೆಯಿಲ್ಲ. ಭಾನುವಾರವಾದ್ದರಿಂದ ಗ್ಯಾರೇಜಿಗೂ ಬೀಗ.

"ನಾಳೆ ಆಟೋದಲ್ಲಿ ಕರ್ಕೊಂಡ್ ಬರೋಣ ಬಿಡಿ" ಎಂದು ಸರೋಜ ಇಳಿದು ಹೋದಳು. ಬೈದಿದ್ದರೆ ವಾಸಿಯಿತ್ತು. ಮೊಮ್ಮಗಳ ಮೊದಲ ಸವಾರಿ ತಾತನ ಕಾರಿನಲ್ಲಾಗದೆ ಆಟೋದಲ್ಲಿ ಕುಲುಕಿಕೊಂಡು ಬರುವುದೇ? ಅದಕ್ಕಿಂತ ಹೆಚ್ಚಾಗಿ, ನಿಜ ಹೇಳಬೇಕೆಂದರೆ, ಆ ಗಾಳಿ ಎಲ್ಲಿ ಅಡಗಿ ಕೂತಿದೆ ಎಂಬ ಕುತೂಹಲ ನನ್ನನ್ನು ತಿನ್ನುತ್ತಿತ್ತು.

ಎದುರು ಮನೆಯ ಶಾಮಣ್ಣನವರದೂ ಇದೇ ಮಾದರಿಯ ಕಾರು. ಬೀದಿಯಲ್ಲೇ ನಿಂತಿತ್ತು. ಹೋಗಿ ನೆಲದ ಮೇಲೆ ಮಲಗಿ ಮುಂದಿನ ಚಕ್ರದ ಹಿಂದೆ ತಲೆ ತೂರಿಸಿದೆ.

"ಏನ್ರೀ, ಏನಾದ್ರೂ ಬೀಳಿಸ್ಕೊಂಡ್ರಾ?" ಶಾಮಣ್ಣನವರ ದನಿ.

"ಇಲ್ಲ ಸಾರ್. ನಿಮ್ಮ ತಿರುಪು ಮೇಲಿದೆಯೋ ಕೆಳಗಿದೆಯೋ ನೋಡ್ತಿದ್ದೆ."

"ಯಾವಾಗಿಂದ ಹೀಗೆ?" ಎಂದು ಮೆಲ್ಲಗೆ ಕೇಳಿದರು. ಹಣೆ ಮುಟ್ಟಿ ನೋಡಲಿಲ್ಲ, ಅಷ್ಟೇ.

ಅವರ ತಿರುಪು ಮೇಲಿತ್ತು. ನನ್ನದು ಎರಡೂ ಕಡೆ ಕೆಳಗೆ! ಗಾಳಿ ಯಾವಾಗಲೂ ಮೇಲಕ್ಕೇರುತ್ತದೆ. ಅದು ಮೇಲೆ ಹಾಯಾಗಿ ಕೂತಿದ್ದರೆ ನಾನು ಕೆಳಗಿನ ಬಾಗಿಲು ತೆರೆದು ಬಾ ಬಾ ಎಂದು ಕರೆಯುತ್ತಿದ್ದೆ. ಎಂದರೆ ಎಡ ಬಲ ಅದಲುಬದಲಾಗಿದೆ. ಆದರೆ ಹೇಗೆ? ಓಡಿಹೋಗಿ ಅಮ್ಮನನ್ನು ಕೇಳಿದೆ.

"ನೀನು ಇಟ್ಟಿದ್ದು ತಪ್ಪಾಗಿತ್ತಪ್ಪ, ನಾನೇ ಸರಿಮಾಡ್ದೆ" ಎಂದರು ಅಮ್ಮ. "ಬಲಗಡೆದು ದೇವರ ಬಲಕ್ಕೆ ಬರ್ಬೇಕು. ದೇವರು ನಮಗೆ ಎದುರಾಗಿ ಕೂತಿರೋದು ಕಣೋ, ಅವನ ಬಲ ನಿನ್ನ ಎಡ. ಅದೇನೋ ಸುಣ್ಣದಲ್ಲಿ ಗೀಚಿದ್ರಲ್ಲ, ಅದನ್ನೂ ಒದ್ದೆ ಬಟ್ಟೇಲಿ ಒರೆಸಿ ಇಟ್ಟಿದ್ದೆ."

ಶಾಸ್ತ್ರದಲ್ಲಿ ಅಮ್ಮನ ತಪ್ಪು ಹುಡುಕಲು ನಾನು ಯಾರು? ಎರಡನ್ನೂ ಬಿಚ್ಚಿ ಬದಲಿಸಿದೆ. ಸರೋಜಳ ಕೈಕಾಲು ಹಿಡಿದು ಮತ್ತೆ ಕೂರಿಸಿದೆ. ಈ ಸಲ ಗಾಳಿ ಬುಳುಬುಳು ಎಂದು ಹೊರಬಿತ್ತು. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಯಿತು. "ನೋಡಿದ್ಯಾ!" ಎಂದು ಕುಣಿದೆ.

ಸರೋಜ ಪಕ್ಕದ ಸೀಟಿಗೆ ಬಂದು ಕೂತಳು. "ಗವಿಪುರದ ಇಳಿಜಾರಿಗೆ ನಡೀರಿ. ನಿಲ್ಲದೇ ಇದ್ರೆ ಮೊದಲು ನಾವಿಬ್ರು ನೋಡ್ಕೊಳ್ಳೋಣ. ಮಗು ಆಮೇಲೆ ಕೂರಲಿ." ಮದುವೆಯ ದಿನವೂ ಅವಳು ನನ್ನ ಜೊತೆ ಇಷ್ಟು ಧೈರ್ಯವಾಗಿ ಹೊರಟಿರಲಿಲ್ಲ. ಖಾಲಿ ಇಳಿಜಾರಿನಲ್ಲಿ ಮೆಲ್ಲಗೆ ಬಿಟ್ಟು ಒತ್ತಿದೆ. ಕಾರು ಒತ್ತಿದಲ್ಲೇ ನಿಂತಿತು. ಮೇಲಿಂದ ಇನ್ನೊಮ್ಮೆ, ಮತ್ತೊಮ್ಮೆ ಇಳಿಸಿ ನಿಲ್ಲಿಸಿದ ಮೇಲೆಯೇ ಅವಳು ಮುಡಿಯ ಹೂ ಸರಿಮಾಡಿಕೊಂಡು "ಹೂಂ" ಎಂದಳು.

ಸೋಮವಾರ ಆಸ್ಪತ್ರೆಯ ಬಾಗಿಲಿಗೆ ಕಾರು ತಂದು, ಮಗಳು ಕೂರುವ ಮೊದಲೇ ಬ್ರೇಕಿನ ಪುರಾಣ ಶುರು ಮಾಡಿದೆ. ಅವಳು ತುಟಿಯ ಮೇಲೆ ಬೆರಳಿಟ್ಟಳು.

"ಅಪ್ಪಾ, ಈಗಷ್ಟೇ ನಿದ್ದೆ ಹತ್ತಿದೆ. ಕುಲುಕಿದ್ರೆ ಎದ್ದುಬಿಡ್ತಾಳೆ. ದಾರೀಲಿ ದಯವಿಟ್ಟು ಎಲ್ಲೂ ಬ್ರೇಕ್ ಹಾಕ್ಬೇಡ."

ಎತ್ತಿನ ಗಾಡಿಯ ವೇಗದಲ್ಲಿ ಹೊರಟೆ. ಶೇಷಾದ್ರಿಪುರದಲ್ಲಿ ಸೊಪ್ಪು ತುಂಬಿದ ಸೈಕಲ್ಲೊಂದು ಗಂಟೆ ಬಾರಿಸಿ ನಮ್ಮನ್ನು ಹಿಂದೆ ಹಾಕಿತು. ಮೊಮ್ಮಗಳು ಕಣ್ಣು ಬಿಡಲಿಲ್ಲ. ಹೊಸ ಬ್ರೇಕು ಹೊಸದಾಗಿಯೇ ಮನೆ ಸೇರಿತು.