ಶಿವರುದ್ರಪ್ಪನವರು ಮುಚ್ಚಿಟ್ಟ ಉದ್ಯೋಗ

ಮಗನ ಉದ್ಯೋಗ ಏನೆಂದು ಒಂದೇ ಮಾತಿನಲ್ಲಿ ಹೇಳಲಾಗದ ತಂದೆಯ ಕಷ್ಟ ಶತ್ರುವಿಗೂ ಬೇಡ. ಕೃಷ್ಣಮೂರ್ತಿಪುರಂನ ಶಿವರುದ್ರಪ್ಪನವರಿಗೆ ನೀರು ಸರಬರಾಜು ಕಚೇರಿಯಿಂದ ನಿವೃತ್ತರಾದ ಮೇಲೆ ಈ ಕಷ್ಟವೇ ಪೂರ್ತಿ ಹೊತ್ತಿನ ಕೆಲಸವಾಗಿತ್ತು. ಎದುರು ಮನೆಯ ಗೋವಿಂದರಾಜು ತನ್ನ ಮಗನ ವಿಚಾರ ಬಂದರೆ "ಹಲ್ಲಿನ ಡಾಕ್ಟ್ರು" ಎಂದು ಕಾಫಿ ಲೋಟ ಎತ್ತಿಬಿಡುತ್ತಿದ್ದ. ಶಿವರುದ್ರಪ್ಪನವರು ಮಾತ್ರ, "ಸಂಗೀತ... ಅಂದ್ರೆ ಹಾಡೋದಲ್ಲ... ಕಂಪ್ಯೂಟರಿನಲ್ಲಿ... ಅಂದ್ರೆ ಕಂಪ್ಯೂಟರ್ ಕೆಲಸವೂ ಅಲ್ಲ..." ಎಂದು ವಿವರಿಸಿ ಮುಗಿಸುವಷ್ಟರಲ್ಲಿ ಅವರ ಕಾಫಿ ಆರಿ ಕೆನೆ ಕಟ್ಟುತ್ತಿತ್ತು.

ಮಗ ನಾಗಾರ್ಜುನ ಒಂದು ಸಿನಿಮಾಕ್ಕೆ ಹಿನ್ನೆಲೆ ಸಂಗೀತ ಕೊಟ್ಟದ್ದು ನಿಜ. ಆ ಚಿತ್ರ ಶುಕ್ರವಾರ ತೆರೆಕಂಡಿತು. ಸೋಮವಾರ ಅದರ ಪೋಸ್ಟರಿನ ಮೇಲೆ ಇನ್ನೊಂದು ಚಿತ್ರದ ಪೋಸ್ಟರು ಬಂತು. (ಕೆಳಗಿನ ಗೋಂದು ಇನ್ನೂ ಹಸಿಯಾಗಿತ್ತು ಎನ್ನುವುದಕ್ಕೆ ಗೋವಿಂದರಾಜುವೇ ಸಾಕ್ಷಿ.) ಆದರೆ ಅದನ್ನು ನೋಡಿದ ಬೆರಳೆಣಿಕೆಯ ಜನರಲ್ಲಿ ಬೆಂಗಳೂರಿನ ಕಂಪನಿಯೊಂದರವರೂ ಇದ್ದರು. ಕಂಪ್ಯೂಟರಿನಲ್ಲಿ ಆಡುವ ಆಟಗಳಿಗೆ ಸಂಗೀತ ಮಾಡಿಕೊಡು ಎಂದು ಅವನನ್ನು ಹುಡುಕಿಕೊಂಡು ಬಂದರು. ಅಂದಿನಿಂದ ಮಹಡಿ ಕೋಣೆಯ ಒಂದೇ ರಾಗ ಬೆಳಗಿನಿಂದ ಸಂಜೆಯವರೆಗೆ ಮೆಟ್ಟಿಲಿಳಿದು ಬರತೊಡಗಿತು.

"ಇದು ಮುಗಿಯೋದು ಎಲ್ಲಿ ಕಣೋ?" ಎಂದು ತಂದೆ ಕೇಳಿದ್ದರು.

"ಮುಗಿಯಲ್ಲ ಅಪ್ಪಾ. ಆಡೋರು ಗೆಲ್ಲೋವರೆಗೂ ಸುತ್ತುತ್ತಲೇ ಇರಬೇಕು. ಎಲ್ಲಿ ಮುಗೀತು, ಎಲ್ಲಿ ಶುರುವಾಯ್ತು ಅಂತ ಗೊತ್ತಾಗಬಾರದು."

"ಮಂಗಳ ಹಾಡದ ಸಂಗೀತ ಅಮಂಗಳ ಕಣೋ! ನಿಮ್ಮಮ್ಮ ಈಗ ಸಾರನ್ನೂ ಅದೇ ತಾಳಕ್ಕೆ ಕದಡ್ತಾಳೆ."

ಮದುವೆ ಮಾತು ಬಂದಾಗ ಇದು ತಮಾಷೆಯಾಗಿ ಉಳಿಯಲಿಲ್ಲ. ಮೊದಲು ಬಂದ ಸಂಬಂಧದವರು, "ಆಟಕ್ಕೆ ಸಂಗೀತ ಅಂದ್ರೆ? ಕಬಡ್ಡಿ ನಡೆಯುವಾಗ ಡೋಲು ಬಡಿಯೋದಾ?" ಎಂದು ಕೇಳಿ ಹೋದವರು ತಿರುಗಿ ನೋಡಲಿಲ್ಲ. ಈಗ ವಿಜಯನಗರದ ಮಧುಶ್ರೀಯ ಸಂಬಂಧ. ಹುಡುಗಿ ನೋಡಿ ಬಂದ ಮೇಲೆ, ಹಬ್ಬಕ್ಕೂ ಗಡ್ಡ ತೆಗೆಯದ ನಾಗಾರ್ಜುನ ದಿನಾ ಕನ್ನಡಿ ಮುಂದೆ ನಿಲ್ಲತೊಡಗಿದ. ಮಹಡಿಯ ರಾಗಕ್ಕೆ ಎಲ್ಲಿಂದಲೋ ಕೊಳಲೊಂದು ಬಂದು ಸೇರಿತು.

"ಈ ಹುಡುಗಿ ತಪ್ಪಿದ್ರೆ ಇವನು ಇನ್ನೊಂದು ಹುಡುಗೀನ ನೋಡೋಕೂ ಬರಲ್ಲ ಕಣ್ರೀ," ಎಂದರು ಪ್ರೇಮಲೀಲಾ. ತಾಯಿಗೆ ಕೊಳಲು ಅರ್ಥವಾಗಿತ್ತು.

ಹುಡುಗಿ ಕಡೆಯವರು ಮನೆ ನೋಡಲು ಭಾನುವಾರ ಬರುವುದೆಂದಾಯಿತು. ಶಿವರುದ್ರಪ್ಪನವರಿಗೆ ಜ್ಞಾನೋದಯವಾಯಿತು.

"ಭಾನುವಾರ ಈ ಮನೇಲಿ ಆಟ ಅನ್ನೋ ಮಾತು ಯಾರ ಬಾಯಲ್ಲೂ ಬರಕೂಡದು. ನೀನು ಚಲನಚಿತ್ರ ಸಂಗೀತ ನಿರ್ದೇಶಕ!"

"ಸುಳ್ಳು ಹೇಳಿ ಮದುವೆ ಮಾಡ್ತೀರಾ?" ಎಂದರು ಪ್ರೇಮಲೀಲಾ.

"ಸುಳ್ಳೆಲ್ಲಿ ಬಂತು? ಸಿನಿಮಾ ಮಾಡಿಲ್ವಾ? ಸತ್ಯಾನ ಎಲೆಯ ತುದಿಗೆ ಸ್ವಲ್ಪ ಬಡಿಸ್ತೀನಿ, ಅಷ್ಟೇ. ಎಲ್ಲಾ ಒಂದೇ ಸಲ ಸುರಿದ್ರೆ ಎಲೆ ತುಂಬಿಹೋಗುತ್ತೆ."

ಭಾನುವಾರ ಹುಡುಗಿಯ ತಂದೆ ಮಹದೇವಯ್ಯ ತಮ್ಮ ತಾಯಿ ಗಿರಿಜಾಂಬಾ ಅವರೊಡನೆ ಬಂದರು. ಮಹದೇವಯ್ಯನವರದು ದೇವರಾಜ ಮೊಹಲ್ಲಾದಲ್ಲಿ ಪಾತ್ರೆ ಅಂಗಡಿ. ಬಂದವರೇ ಕಾಫಿಗಿಂತ ಮೊದಲು ಲೋಟವನ್ನು ತಿರುವಿ ನೋಡಿದರು. ಹಣೆತುಂಬ ವಿಭೂತಿಯ ಗಿರಿಜಾಂಬಾ ಮನೆಯನ್ನೇನೂ ನೋಡಲಿಲ್ಲ. ಹುಡುಗನನ್ನೇ ನೋಡಿದರು. ಹೋಳಿಗೆ ಬಡಿಸುವಾಗ ಕೇಳಿದರು:

"ಸಂಗೀತ ಅಂದ್ರಲ್ಲ, ಯಾವ ಸಂಗೀತನಪ್ಪಾ?"

ಹುಡುಗ ಬಾಯಿ ತೆರೆಯುವ ಮುನ್ನ ಶಿವರುದ್ರಪ್ಪನವರು ನುಗ್ಗಿದರು. "ಸಿನಿಮಾ ಕಣಮ್ಮ! ಅಪ್ಪಟ ಸಿನಿಮಾ!"

ಗಿರಿಜಾಂಬಾ ಅವರ ಕೈ ತುಪ್ಪದ ಮೇಲೆ ನಿಂತಿತು. "ಸಿನಿಮಾದವನಾ? ಇವತ್ತು ಬೆಂಗಳೂರು, ನಾಳೆ ಮದ್ರಾಸು. ಉಣ್ಣೋಕೆ ಹೊತ್ತಿಲ್ಲ, ಮನೆಗೆ ಬರೋಕೆ ದಿನ ಇಲ್ಲ. ನಮ್ಮ ಮಧೂಗೆ ಆಗಿಬರಲ್ಲ ಬಿಡಪ್ಪ."

"ನಮ್ಮನೇಲಿ ಅಮ್ಮಂದೇ ಕೊನೇ ಮಾತು," ಎಂದು ಮಹದೇವಯ್ಯ ನೊಂದುಕೊಂಡು ಮೂರನೆಯ ಹೋಳಿಗೆಗೆ ಕೈ ಹಾಕಿದರು.

"ಹಾಗಲ್ಲ, ಸಿನಿಮಾ ಅಂದ್ರೆ ಪೂರ್ತಿ ಸಿನಿಮಾನೂ ಅಲ್ಲ..." ಎಂದು ಶಿವರುದ್ರಪ್ಪನವರು ತಡವರಿಸಿದರು. ಆದರೆ ಇನ್ನುಳಿದದ್ದು ಆಟ. ಕಬಡ್ಡಿಯ ಡೋಲು ಕಿವಿಯಲ್ಲಿ ಮೊಳಗಿತು. ಅವರು ಮಾತು ಬಿಟ್ಟು ಹೋಳಿಗೆ ಮುರಿಯತೊಡಗಿದರು. ಎದುರಿಗೆ ನಾಗಾರ್ಜುನ ಎಲೆಯ ಮೇಲಿನ ಉಪ್ಪನ್ನು ಬೆರಳಿನಿಂದ ತಳ್ಳುತ್ತಾ ಕೂತಿದ್ದ. ಪ್ರೇಮಲೀಲಾ ಗಂಡನ ಕಡೆ ಬೀರಿದ ನೋಟಕ್ಕೆ ತುಪ್ಪ ಒಲೆಯಿಲ್ಲದೆ ಕರಗುತ್ತಿತ್ತು.

ಹೊರಗೆ ಸುಡುಬಿಸಿಲು. ಬಿಸಿಲು ಇಳಿದ ಮೇಲೆ ಹೊರಟರಾಯಿತೆಂದು ಗಿರಿಜಾಂಬಾ ನಡುಮನೆಯ ಚಾಪೆಯ ಮೇಲೆ ಅಡ್ಡಾದರು. ಶಿವರುದ್ರಪ್ಪನವರು ದಿವಾನದ ಮೇಲೆ ಒರಗಿ, ಕೆಟ್ಟದ್ದನ್ನು ಸರಿಪಡಿಸುವ ಉಪಾಯ ಯೋಚಿಸಿದರು. ಯೋಚನೆ ಇನ್ನಷ್ಟು ಆಳಕ್ಕೆ ಇಳಿಯಲೆಂದು ಕಣ್ಣು ಮುಚ್ಚಿದರು.

ಕಣ್ಣು ಬಿಟ್ಟಾಗ ಗೇಣು ದೂರದಲ್ಲಿ ಗಿರಿಜಾಂಬಾ ಅವರ ಕನ್ನಡಕವಿತ್ತು. ಅವರ ಹಿಂದೆ ಮಹದೇವಯ್ಯ, ಪ್ರೇಮಲೀಲಾ, ನಾಗಾರ್ಜುನ, ಗ್ರೂಪ್ ಫೋಟೋಗೆ ನಿಂತವರಂತೆ ನಿಂತಿದ್ದರು.

"ಅಯ್ಯೋ, ಎಚ್ಚರ ಆಗ್ಬುಡ್ತಲ್ಲ!" ಎಂದು ಗಿರಿಜಾಂಬಾ ಮರುಗಿದರು. "ಮಾದೇವಾ, ಇವರೇ ಕಣೋ! ನಮ್ಮ ಗುಹೇ ರಾಕ್ಷಸ!"

ಬೀಗರನ್ನು ರಾಕ್ಷಸ ಅನ್ನುವುದು ಲೋಕರೂಢಿಯೇ. ಆದರೆ ಅದು ಮದುವೆ ಆದಮೇಲಿನ ಶಾಸ್ತ್ರ. ಶಿವರುದ್ರಪ್ಪನವರು ತಬ್ಬಿಬ್ಬಾದರು.

ಮಹದೇವಯ್ಯ ಬಿಡಿಸಿ ಹೇಳಿದರು. "ಅಜ್ಜಿಗೆ ಹೊತ್ತು ಹೋಗಲಿ ಅಂತ ಮಧು ಕಂಪ್ಯೂಟರಿನಲ್ಲಿ ಒಂದು ಆಟ ಹಾಕಿಕೊಟ್ಟಳು. ಈಗ ಅಮ್ಮ ಪೂಜೆ ಮುಗಿಸಿ ಅದರ ಮುಂದೆ ಕೂತರೆ ಉಣ್ಣೋಕೂ ಏಳಲ್ಲ. ಗುಹೇಲಿ ರಾಕ್ಷಸ ಮಲಗಿರ್ತಾನೆ. ಅವನ ತಲೆ ಹತ್ತಿರದ ದೀಪ ಕದ್ದು ತರಬೇಕು. ಅಮ್ಮ ಹತ್ತಿರ ಹೋದಾಗೆಲ್ಲ ಎದ್ದುಬಿಡ್ತಾನೆ."

"ಅವನ ಗೊರಕೆ ನನಗೆ ಬಾಯಿಪಾಠ," ಎಂದರು ಗಿರಿಜಾಂಬಾ. "ಮೊದಲು ಗರಗಸ, ಆಮೇಲೆ ಕೆರೆಕಪ್ಪೆ, ಕೊನೆಗೆ ಶಂಖ. ಇವರದೂ ಅದೇ!"

ನಾಗಾರ್ಜುನ ತಲೆ ತಗ್ಗಿಸಿದ. "ಅಪ್ಪಾ, ರಾಕ್ಷಸನಿಗೆ ದನಿ ಬೇಕಿತ್ತು. ಏನು ಮಾಡಿದರೂ ಸರಿ ಬರಲಿಲ್ಲ. ಕೊನೆಗೆ ನೀವು ಮಲಗಿದ್ದಾಗ ಮೈಕು ಇಟ್ಟೆ."

"ನನ್ನ ಗೊರಕೆಯನ್ನಾ!"

"ಸ್ವಲ್ಪ ನಿಧಾನ ಮಾಡಿದೆ, ಅಷ್ಟೇ. ಬೇರೇನೂ ಸೇರಿಸೋ ಅಗತ್ಯ ಬೀಳಲಿಲ್ಲ."

"ಅಂದ್ರೆ ಆ ಆಟದ ಸಂಗೀತ ಮಾಡಿದ್ದು ನೀನೇನಪ್ಪಾ?" ಎಂದು ಗಿರಿಜಾಂಬಾ ಕೇಳಿದರು. ಆಟ ಎಂಬ ಮಾತು ಕೊನೆಗೂ ಮನೆಯೊಳಗೆ ಕಾಲಿಟ್ಟಿತ್ತು. ಶಿವರುದ್ರಪ್ಪನವರು ಗೋಡೆ ಕಡೆ ತಿರುಗಿದರು.

"ಹೌದಜ್ಜಿ. ಅದೇ ನನ್ನ ಕೆಲಸ."

"ಎಲ್ಲಿ ಕೂತು ಮಾಡ್ತೀಯ?"

"ಇಲ್ಲೇ, ಮಹಡಿ ಮೇಲೆ."

"ಊಟಕ್ಕೆ ಕೆಳಗೆ ಬರ್ತೀಯ?"

"ಅಮ್ಮ ಕರೆದ್ರೆ ಬರ್ತೀನಿ."

"ಅಲ್ರೀ ಯಜಮಾನ್ರೇ," ಗಿರಿಜಾಂಬಾ ತಿರುಗಿದರು, "ಮನೇಲಿರೋ ಇಂಥ ಹುಡುಗನ್ನ ಸಿನಿಮಾದವನು ಅಂತ ಯಾಕ್ರೀ ಹೆಸರು ಕೆಡಿಸಿದ್ರಿ?"

ಶಿವರುದ್ರಪ್ಪನವರು ಗೋಡೆಯ ಸುಣ್ಣ ಕೆರೆಯತೊಡಗಿದರು.

"ಒಪ್ಪಿಗೆ ಕೊಡೋಣ. ಆದರೆ ಅದಕ್ಕೆ ಮುಂಚೆ ಆ ದೀಪ ಕದಿಯೋದು ಹೆಂಗೆ ಅಂತ ಹೇಳಪ್ಪ," ಎಂದು ಗಿರಿಜಾಂಬಾ ಹುಡುಗನ ಕಡೆ ತಿರುಗಿದರು.

"ಗೊರಕೆ ಕೇಳಿಕೊಂಡೇ ಹೆಜ್ಜೆ ಇಡಬೇಕು ಅಜ್ಜಿ. ಬಾಯಲ್ಲಿ ಹೇಳಿದ್ರೆ ಬರಲ್ಲ."

"ಹಾಗಾದ್ರೆ ಇನ್ನೊಂದು ಸಲ ಮಲಗಿ, ಯಜಮಾನ್ರೇ."

"ಈಗಲಾ?"

"ಶುಭಕಾರ್ಯಕ್ಕೆ ತಡ ಯಾಕೆ?"

ಶಿವರುದ್ರಪ್ಪನವರು ಮಲಗಿದರು. ಕರೆಯದೆ ಬರುವ ನಿದ್ದೆ ಅಂದು ಕರೆದರೂ ಬರಲಿಲ್ಲ. ಮಗನ ಮದುವೆ ಗೊರಕೆಯ ಮೇಲೆ ನಿಂತಿದೆ, ಮಾಡುವುದೇನು? ಕಣ್ಣು ಬಿಗಿದು, ತಾವು ಎಂದೂ ಕೇಳದಿದ್ದ ತಮ್ಮ ಸಂಗೀತವನ್ನು ಅಂದಾಜಿನ ಮೇಲೆ ಶುರುಮಾಡಿದರು. ಗರಗಸ.

ತಲೆಯ ಬಳಿ ಪ್ರೇಮಲೀಲಾ ಪಿಸುಗುಟ್ಟುವುದು ಕೇಳಿಸಿತು. "ಈಗ ಬೇಡಮ್ಮ, ಇದು ಅರೆನಿದ್ದೆ. ಕಪ್ಪೆ ಬಂದಾಗ ಉಸಿರು ಸಿಕ್ಕಿಕೊಳ್ಳುತ್ತೆ, ಆಗಂತೂ ಅಲ್ಲಾಡಲೇಬಾರದು. ಶಂಖ ಊದಿದಾಗ ಕೈ ಹಾಕಬೇಕು."

"ನಿನಗೆ ಹೆಂಗಮ್ಮ ಇಷ್ಟು ಗೊತ್ತು?"

"ದುಡ್ಡಿಡೋ ಬೀರುವಿನ ಬೀಗದ ಕೈ ದಿಂಬಿನಡಿ ಇಟ್ಟುಕೊಂಡೇ ಮಲಗೋದು ಇವರು. ನಾಗೂಗೆ ಕೀಬೋರ್ಡು ಬಂದಿದ್ದು ಹೀಗೇ. ಕಂಪ್ಯೂಟರೂ ಹೀಗೇ. ನಮ್ಮಣ್ಣ ಕೊಡಿಸಿದ ಅಂತ ಇವರಿಗೆ ಹೇಳಿದ್ದೀನಿ. ಬೀಗದ ಕೈ ಈಗಲೂ ಅಲ್ಲೇ ಇದೆ, ತೆಗೀರಿ ನೋಡೋಣ."

ಶಿವರುದ್ರಪ್ಪನವರ ಗರಗಸ ತಾಳ ತಪ್ಪಿತು. ಆ ಭಾವಮೈದುನನಿಗೆ ದೀಪಾವಳಿ ದೀಪಾವಳಿಗೂ ಜರಿಪಂಚೆ ಉಡುಗೊರೆ ಕೊಟ್ಟು ಕೈ ಮುಗಿದಿದ್ದರು! (ಅವನೂ ಸಂಕೋಚವಿಲ್ಲದೆ ಉಟ್ಟಿದ್ದ.) ಈಗಲೇ ಎದ್ದು ಕೂತು ವಿಚಾರಣೆ ನಡೆಸಬೇಕೆನ್ನಿಸಿತು.

ಅಷ್ಟರಲ್ಲಿ ಮುದಿ ಕೈಯೊಂದು ಮೆಲ್ಲಗೆ ದಿಂಬಿನ ಅಂಚಿಗೆ ಬಂತು. ಬಾಗಿಲ ಬಳಿ ನಾಗಾರ್ಜುನ ಉಸಿರು ಹಿಡಿದು ನಿಂತಿದ್ದ. ಹಿಡಿದ ಉಸಿರೂ ತಂದೆಗೆ ಕೇಳಿಸಿತು.

ಶಿವರುದ್ರಪ್ಪನವರು ಕಪ್ಪೆಯನ್ನು ನುಂಗಿಕೊಂಡು, ನಿಧಾನವಾಗಿ, ಉದ್ದಕ್ಕೆ, ಶಂಖ ಊದಿದರು.

ಬೀಗದ ಕೈ ಝಣಝಣ ಎಂದಿತು. "ಗೆದ್ದೆ ಕಣೋ ಮಾದೇವಾ! ಒಪ್ಪಿಗೆ! ಲಗ್ನಕ್ಕೆ ದಿನ ನೋಡಿಸು!"

ನಡುಮನೆಯಲ್ಲಿ ನಗು, ಸಕ್ಕರೆ, ಗದ್ದಲ. ಈಗಲಾದರೂ ಯಾರಾದರೂ ತಮ್ಮನ್ನು ಎಬ್ಬಿಸುತ್ತಾರೆಂದು ಶಿವರುದ್ರಪ್ಪನವರು ಕಾದರು. ಯಾರೂ ಎಬ್ಬಿಸಲಿಲ್ಲ. ಒಳಕೋಣೆಯಲ್ಲಿ ಬೀರುವಿನ ಬಾಗಿಲು ಕಿರುಗುಟ್ಟಿತು. "ಮಧೂಗೆ ಈ ರೇಷ್ಮೆ ಸೀರೆ ಚೆನ್ನಾಗಿರುತ್ತೆ ಅಲ್ವೇನಮ್ಮಾ? ನಿಧಾನವಾಗಿ ಆರಿಸಿ, ಅವರು ಏಳೋಕೆ ಇನ್ನೂ ಹೊತ್ತಿದೆ," ಎಂದು ಪ್ರೇಮಲೀಲಾ ಹೇಳುತ್ತಿದ್ದರು.

ಶಿವರುದ್ರಪ್ಪನವರು ಮಗ್ಗುಲು ಬದಲಿಸಿ, ಮತ್ತೆ ಗರಗಸದಿಂದ ಶುರುಮಾಡಿದರು.