ಮುಕ್ತ ಪ್ರೊಸೆಸರೂ ತಂಗಿ ಮಗಳ ಲಗ್ನಪತ್ರಿಕೆಯೂ

ಕೊಪ್ಪ ಪಕ್ಕದ ಬಾಳಗಡಿಯಲ್ಲಿ ಇಪ್ಪತ್ತು ವರ್ಷದಿಂದ ಲಗ್ನಪತ್ರಿಕೆ ಅಚ್ಚು ಹಾಕುತ್ತಿರುವ ನಾನು ಈ ಸಲ ಕಾಲದ ಜೊತೆ ಹೆಜ್ಜೆ ಹಾಕಲು ನಿರ್ಧರಿಸಿದೆ. ಅಂಗೈ ಅಗಲದ ಹೊಸ ಕಂಪ್ಯೂಟರ್ ತರಿಸಿದೆ.

"ಇದರ ಪ್ರೊಸೆಸರ್ ಮುಕ್ತ ವಿನ್ಯಾಸದ್ದು ಕಣೇ! ಯಾರು ಬೇಕಾದ್ರೂ ಮಾಡಬಹುದು. ಯಾವ ಕಂಪನಿಯ ಅಪ್ಪಣೆಯೂ ಬೇಡ!" ಎಂದು ಹೆಂಡತಿ ಸುಮತಿಗೆ ಭಾಷಣ ಮಾಡಿದೆ.

"ಯಾರು ಬೇಕಾದ್ರೂ ಮಾಡ್ಲಿ. ಇದ್ರಲ್ಲಿ ನಮ್ಮ ಕೆಲ್ಸ ಆಗ್ತದಾ?"

ಇಂಥ ಕ್ಷುಲ್ಲಕ ಪ್ರಶ್ನೆಗಳಿಗೆ ನಾನು ಉತ್ತರಿಸುವುದಿಲ್ಲ. ಹಳೆಯ ಕಂಪ್ಯೂಟರನ್ನು ಯಾರಿಗಾದರೂ ಕೊಟ್ಟುಬಿಡು ಎಂದು ಅಪ್ಪಣೆ ಮಾಡಿ, ಹೊಸದಕ್ಕೆ ಊದುಬತ್ತಿ ಹಚ್ಚಿದೆ. ಸ್ಕ್ರೀನು ತಗ್ಗಾಯಿತೆಂದು ಗೊಣಗಿದ್ದಕ್ಕೆ ಸುಮತಿ ಬಟ್ಟೆ ಹೊದಿಸಿದ ಪೆಟ್ಟಿಗೆಯೊಂದನ್ನು ಸ್ಕ್ರೀನು, ಕಂಪ್ಯೂಟರ್ ಎರಡರ ಕೆಳಗೂ ಇಟ್ಟಳು.

ಮರುದಿನ ಗುರುವಾರ ನನ್ನ ತಂಗಿ ಮಗಳ ಪತ್ರಿಕೆ ಅಚ್ಚಾಗಬೇಕಿತ್ತು. ಶುಕ್ರವಾರ ಮೊದಲ ಪತ್ರಿಕೆಯನ್ನು ಶೃಂಗೇರಿ ಅಮ್ಮನವರ ಮುಂದಿಟ್ಟ ಮೇಲೆಯೇ ನೆಂಟರಿಗೆ ಹಂಚುವುದು ನಮ್ಮ ಪದ್ಧತಿ. ಅದು ತಪ್ಪಿದರೆ ಮುಂದಿನ ಒಳ್ಳೆಯ ದಿನ ಬರುವಷ್ಟರಲ್ಲಿ ಮದುವೆ ಊಟವೇ ಮುಗಿದಿರುತ್ತಿತ್ತು!

ಹಳೆಯ ಕಂಪ್ಯೂಟರಿನ ಕನ್ನಡ ಟೈಪಿಂಗ್ ಪ್ರೋಗ್ರಾಂ, ಸಿದ್ಧವಾಗಿದ್ದ ಪತ್ರಿಕೆ ಎರಡನ್ನೂ ಪೆನ್‌ಡ್ರೈವಿಗೆ ತುಂಬಿಕೊಂಡಿದ್ದೆ. ಗುರುವಾರ ಬೆಳಿಗ್ಗೆ ಅದನ್ನು ಹೊಸದಕ್ಕೆ ಚುಚ್ಚಿದೆ. 'ಈ ಪ್ರೋಗ್ರಾಂ ಈ ಪ್ರೊಸೆಸರಿನಲ್ಲಿ ನಡೆಯುವುದಿಲ್ಲ' ಎಂದಿತು. ಹುಡುಗ ಹುಡುಗಿಯ ಜಾತಕ ಕೂಡಿತ್ತು, ಇವೆರಡರದ್ದು ಕೂಡಲಿಲ್ಲ!

ಹೊಸದಾಗಿ ಟೈಪ್ ಮಾಡೋಣವೆಂದರೆ, 'ಸುಖಾಗಮನ ಬಯಸುವವರು' ಪಟ್ಟಿಯಲ್ಲಿ ನಲವತ್ತು ಹೆಸರು. ಯಾರ ಮೇಲೆ ಯಾರು ಎಂದು ನಮ್ಮವರೂ ನರಸಿಂಹರಾಜಪುರದ ಬೀಗರೂ ಎರಡು ವಾರ ಸಂಧಾನ ಮಾಡಿ, ಸ್ಕ್ರೀನಿನ ಮೇಲೆಯೇ ಒಪ್ಪಿದ್ದರು; ಕಾಗದದಲ್ಲಿ ಎಲ್ಲೂ ಬರೆದಿಟ್ಟಿರಲಿಲ್ಲ. ಒಂದು ಹೆಸರು ಕೆಳಗಿಳಿದರೂ ಮದುವೆಯೇ ಅನುಮಾನ. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಕೊನೆಗೆ ಒಂದು ಪ್ರೊಸೆಸರಿನ ಭಾಷೆಯನ್ನು ಇನ್ನೊಂದಕ್ಕೆ ತಿಳಿಸುವ ದುಭಾಷಿ ಪ್ರೋಗ್ರಾಂ ಹಾಕಿದೆ. ಪತ್ರಿಕೆ ತೆರೆಯತೊಡಗಿತು! ಮೊದಲ ಸಾಲು ಬರಲು ಒಂದು ಕಾಫಿ. ಗಣಪತಿಯ ಸೊಂಡಿಲು ಬರುವಷ್ಟರಲ್ಲಿ ಊಟವಾಯಿತು.

ಕಮ್ಮರಡಿಯಿಂದ ಹುಡುಗಿಯ ಅಪ್ಪ, ನನ್ನ ಭಾವ, ಬಂದೇಬಿಟ್ಟ. "ಎಂತ ಮಾರಾಯ, ಗಣಪತಿ ಅರ್ಧಕ್ಕೇ ನಿಂತಿದಾನಲ್ಲ!"

"ಹೊಸ ತಂತ್ರಜ್ಞಾನ ಭಾವ, ನಿಧಾನವಾಗಿ ಮೂಡ್ತದೆ."

ಅವನು ತಲೆ ಕೊಡವಿ, ಹಣ್ಣುಕಾಯಿ ತರಲು ಕೊಪ್ಪ ಪೇಟೆಗೆ ಹೋದ. ಅಷ್ಟರಲ್ಲಿ ಗಣಪತಿಯೂ ಮಾಯವಾದ. ಸ್ಕ್ರೀನು ಕಪ್ಪಾಯಿತು!

"ಸುಮತೀ, ಆ ಹಳೇದನ್ನ ಯಾರಿಗೆ ಕೊಟ್ಟೆ?" ಎಂದು ಕೂಗಿದೆ.

"ನಿಮ್ಗೇ! ಸ್ಕ್ರೀನಿನ ಕೆಳಗಿನ ಆ ಬಟ್ಟೆ ಎತ್ತಿ ನೋಡಿ."

ಎತ್ತಿದೆ. ಹೊಸ ಯುಗವನ್ನು ತಲೆಯ ಮೇಲೆ ಹೊತ್ತು ಹಳೆಯ ಕಂಪ್ಯೂಟರ್ ತೆಪ್ಪಗೆ ಮಲಗಿತ್ತು! ತಂತಿ ಸಿಕ್ಕಿಸಿದ ಕೂಡಲೇ ಗುರ್ ಎಂದಿತು. ನಲವತ್ತು ಹೆಸರೂ ತಂತಮ್ಮ ಜಾಗದಲ್ಲಿದ್ದವು. ನನಗೆ ಹೋದ ಜೀವ ಬಂದಂತಾಯಿತು.

ಸಂಜೆ ಭಾವ ಮೊದಲ ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡ. "ಭಾರಿ ಚೆಂದ ಬಂದಿದೆ ಮಾರಾಯ! ಹೊಸ ಕಂಪ್ಯೂಟರ್ ಅಂದ್ರೆ ಹೊಸದೇ!"

ನಾನು ವಿನಯದಿಂದ ತಲೆಯಾಡಿಸಿದೆ. ಒಳಗಿನಿಂದ ಸುಮತಿ ಕೆಮ್ಮಿದಳು. ಅವಳಿಗೆ ನೆಗಡಿಯೇನೂ ಆಗಿರಲಿಲ್ಲ!